ಮಗಳಿಗೊಂದು ಪತ್ರ: ಆ ಎರಡು ಮೆಟ್ಟಿಲು ತೆಗೆಯಬೇಡ

ಪುಟ್ಟಿ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ಮತ್ತೆ ಮಾಡೋಣ ಅಂದುಕೊಂಡೆ. ಆಮೇಲೆ ಬೇಡ ಅನ್ನಿಸಿತು. ಮಾತಿಗೆ ಮಾತು ಬೆಳೆಯುತ್ತದೆ ಅಷ್ಟೆ. "ಇದು ನನ್ನ ಮನೆ ಅಮ್ಮಾ" ಅಂದೆಯಲ್ಲ, ಸರಿಯೇ. ನಿನ್ನ ಮನೆಯೇ. ಇಂಜಿನಿಯರ್ ಎದುರಿಗೆ ಕೂತಿದ್ದೀಯ ಅಂತ ಗೊತ್ತಿದ್ದೂ ನಾನು ಅಷ್ಟು ಜೋರು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆದರೆ ಮುಂದಿನ ವಾರ ಮೆಟ್ಟಿಲಿಗೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚು, ಹೊಡೆಯುತ್ತಾರೆ ಅಂತ ಅಳಿಯಂದಿರು ಹೇಳಿದರು. ಕಾಂಕ್ರೀಟ್ ಬಿದ್ದ ಮೇಲೆ ನಾನು ಏನು ಹೇಳಿದರೂ ದಂಡ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ನಿನ್ನ ಪ್ಲಾನ್ ನನಗೆ ತುಂಬಾ ಇಷ್ಟವಾಗಿದೆ, ಅದನ್ನು ನಿನ್ನೆ ಹೇಳಲಿಕ್ಕೇ ಆಗಲಿಲ್ಲ. ಕಿಟಕಿಗೆ ಎದುರು ಕಿಟಕಿ ಇಟ್ಟು ಗಾಳಿ ಆಡುವ ಹಾಗೆ ಮಾಡಿದ್ದೀಯ. ಎರಡು ಬಾತ್‌ರೂಮನ್ನು ಒಂದೇ ಗೋಡೆಯ ಆಚೆ ಈಚೆ ತಂದು ಪೈಪಿನ ಓಡಾಟ ಕಡಿಮೆ ಮಾಡಿದ್ದೀಯ. ಅಪ್ಪ ಅದರ ಪ್ರಿಂಟ್ ತೆಗೆಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. "ಗೆರೆ ಎಲ್ಲ ಮಗಳದ್ದೇ, ಇಂಜಿನಿಯರ್ ತಿದ್ದಿದ್ದು ಸ್ವಲ್ಪ" ಅಂತ ಅವರು ಹೇಳುವಾಗ ನಾನು ಒಳಗಿನಿಂದಲೇ ಕೇಳಿಸಿಕೊಳ್ಳುತ್ತೇನೆ. ನನಗೂ ಅಷ್ಟೇ ಹೆಮ್ಮೆ.

ನನ್ನ ತಕರಾರು ಎರಡೇ ಮೆಟ್ಟಿಲಿನದ್ದು.

ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ, ಅಂದರೆ 126 ಇಂಚು. ಇಂಜಿನಿಯರ್ ಮೊದಲು 18 ಮೆಟ್ಟಿಲು ಹಾಕಿದ್ದರು. ಒಂದೊಂದಕ್ಕೆ ಸರಿಯಾಗಿ 7 ಇಂಚು ಎತ್ತರ. ನೀನು ಅದನ್ನು 16 ಮಾಡಿಸಿದ್ದೀಯ. ಹಾಲ್ 20 ಇಂಚು ಉದ್ದವಾಯಿತು ನಿಜ. ಆದರೆ ಒಂದೊಂದು ಮೆಟ್ಟಿಲೂ ಹೆಚ್ಚುಕಡಿಮೆ 8 ಇಂಚಾಯಿತು. ಕಾಗದದ ಮೇಲೆ ಒಂದು ಇಂಚು ಕಣ್ಣಿಗೇ ಕಾಣುವುದಿಲ್ಲ, ಮಂಡಿಗೆ ಕಾಣುತ್ತದೆ. ಎರಡು ಮೆಟ್ಟಿಲಿನ ಎತ್ತರಕ್ಕೆ ಒಂದು ಮೆಟ್ಟಿಲಿನಲ್ಲಿ ಕಾಲಿಡುವ ಜಾಗದ ಅಗಲ ಸೇರಿಸಿದರೆ 24, 25 ಇಂಚು ಬರಬೇಕು ಅಂತ ಒಂದು ಹಳೆಯ ಲೆಕ್ಕ ಇದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲೊಂಡೆಲ್ ಮನುಷ್ಯ ಸಮನೆಲದಲ್ಲಿ ಇಡುವ ಹೆಜ್ಜೆ ನೋಡಿ ಬರೆದಿಟ್ಟಿದ್ದು. 10 ಇಂಚು ಅಗಲದ ನಿನ್ನ 16 ಮೆಟ್ಟಿಲಿಗೆ ಅದನ್ನು ಹಾಕಿ ನೋಡು, 26ಕ್ಕೆ ಹತ್ತಿರ ಹೋಗುತ್ತದೆ.

ಈಗ ಅಜ್ಜಿಯ ವಿಷಯ. ಅವರು ನಮ್ಮ ಮನೆಯ ಮೆಟ್ಟಿಲಿಂದ ಬಿದ್ದ ಆ ರಾತ್ರಿ, ಆಸ್ಪತ್ರೆ, ಅದೆಲ್ಲ ಬೇಡ. ನಿನಗೂ ನೆನಪಿದೆ, ನನಗೂ ಇದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಜ್ಜಿಯನ್ನು ಮನೆಗೆ ಕರೆದುಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಟೇಪ್ ತಗೊಂಡು ಹೋಗಿ ಮೆಟ್ಟಿಲೆಲ್ಲ ಅಳೆದೆ. ಎಲ್ಲಾ 7 ಇಂಚು. ಎಲ್ಲಕ್ಕಿಂತ ಕೆಳಗಿನದು ಮಾತ್ರ 6, ಎಲ್ಲಕ್ಕಿಂತ ಮೇಲಿನದು 8. ತಪ್ಪಾಗಿ ಅಳೆದೆನೋ ಅಂತ ಮತ್ತೆ ಅಳೆದೆ. ಅಷ್ಟೇ ಬಂತು.

ಮೇಸ್ತ್ರಿ ಕೆಲಸ ಗೊತ್ತಿಲ್ಲದವನೇನಲ್ಲ. ಕಾಂಕ್ರೀಟ್ ಹಾಕಿದ ದಿನ ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇದ್ದವು. ಆಮೇಲೆ ಕೆಳಗಿನ ನೆಲ ಗಾರೆ, ಟೈಲ್ಸ್ ಎಲ್ಲ ಸೇರಿ 2 ಇಂಚು ಏರಿತು. ಮೆಟ್ಟಿಲ ಮೇಲೆ ಕಲ್ಲು ಕೂರಿಸಿದಾಗ ಏರಿದ್ದು 1 ಇಂಚು. ಅಲ್ಲಿಗೆ ಮೊದಲನೆಯದು ಒಂದು ಇಂಚು ಗಿಡ್ಡ. ಮಹಡಿಯ ನೆಲವೂ 2 ಇಂಚು ಏರಿತಲ್ಲ, ಕೊನೆಯದು ಒಂದು ಇಂಚು ಎತ್ತರ. ನಡುವಿನವೆಲ್ಲ ಸಮ. ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಎರಡು ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಅಳತೆ ಕಲಿತುಬಿಡುತ್ತದೆ. ಆಮೇಲೆ ನಾವು ನೋಡುವುದೇ ಇಲ್ಲ, ಅಂಚನ್ನು ಕೂದಲೆಳೆಯಲ್ಲಿ ದಾಟುತ್ತಾ ಹೋಗುತ್ತೇವೆ. ನಮ್ಮ ಮನೆಗೆ ಬಂದವರೆಲ್ಲ ಮೇಲಿನ ಮೆಟ್ಟಿಲಿನಲ್ಲಿ ಒಂದು ಸಲ ಎಡವುತ್ತಿದ್ದರು, ನೆನಪಿದೆಯಾ? ನಾವು ನಗುತ್ತಿದ್ದೆವು. ಹತ್ತುವಾಗ ಬೆರಳು ತಾಗಿ ಎಡವಿದರೆ ಕೈ ಊರಬಹುದು. ಇಳಿಯುವಾಗ ಹಾಗಲ್ಲ. ಮೊದಲ ಹೆಜ್ಜೆಯೇ ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಗುತ್ತದೆ, ಮುಂದೆ ಹಿಡಿಯಲು ಏನೂ ಇರುವುದಿಲ್ಲ. ಅಜ್ಜಿ ಬಿದ್ದದ್ದು ಅಲ್ಲಿಂದಲೇ. ಅಮೆರಿಕದ ಮನೆ ಕಟ್ಟುವ ಮಾದರಿ ನಿಯಮದಲ್ಲಿ ಒಂದು ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ ಒಂದಕ್ಕೂ ಇನ್ನೊಂದಕ್ಕೂ 3/8 ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ಇದೆ. ನಮ್ಮದರಲ್ಲಿ 2 ಇಂಚಿತ್ತು.

ಬಿದ್ದ ಮೇಲೆ ಅಜ್ಜಿ ಮಹಡಿಗೆ ಹೋಗಲೇ ಇಲ್ಲ. ಮನೆ ಕಟ್ಟುವಾಗ ಮೇಲೆ ಆ ಕಿಟಕಿ ಬೇಕು, ಮರ ಕಾಣಬೇಕು ಅಂತ ಹಟ ಹಿಡಿದವರೇ ಅವರು. ನೀನು ಶಾಲೆಗೆ ಹೋದ ಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತು "ಮರ ಚಿಗುರಿದೆಯೇನೇ?" ಅಂತ ನನ್ನನ್ನು ಕೇಳುತ್ತಿದ್ದರು. ನಾನು ಮೇಲೆ ಬಟ್ಟೆ ಮಡಿಸುತ್ತಾ ಹೇಳುತ್ತಿದ್ದೆ. ಚಿಗುರಿದೆ, ಹಕ್ಕಿ ಕೂತಿದೆ, ಎಲೆ ಉದುರುತ್ತಿದೆ. ಒಂದೊಂದು ಸಲ ನೋಡದೆಯೇ ಹೇಳಿಬಿಡುತ್ತಿದ್ದೆ, ಕೆಲಸ ಇರುತ್ತಿತ್ತು. ಅಜ್ಜಿಗೆ ಅದೂ ಗೊತ್ತಾಗುತ್ತಿತ್ತೇನೋ. ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ನಿನ್ನ ಪ್ಲಾನ್ ಬಿಡಿಸಿಟ್ಟುಕೊಂಡಾಗಲೆಲ್ಲ ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ, ಮೆಟ್ಟಿಲ ಮೇಲೇ ನಿಲ್ಲುತ್ತದೆ.

ಪಾಪು ಈಗ ಗೋಡೆ ಹಿಡಿದು ನಿಲ್ಲುತ್ತಿದೆ ಅಂತ ವಿಡಿಯೋ ಕಳಿಸಿದೆಯಲ್ಲ. ಗೃಹಪ್ರವೇಶದ ಹೊತ್ತಿಗೆ ಓಡಾಡುತ್ತದೆ. ನೀನು ತೋರಿಸಿದ ಫೋಟೋದಲ್ಲಿ ಮೆಟ್ಟಿಲುಗಳ ನಡುವೆ ಎಲ್ಲ ತೆರೆದಿದೆ, ಪಕ್ಕದಲ್ಲಿ ರೇಲಿಂಗೇ ಇಲ್ಲ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ನಂಗೆ ಜೀವ ಬಾಯಿಗೆ ಬಂದ ಹಾಗಾಯಿತು. ರೇಲಿಂಗ್ ಹಾಕಿಸು. ಸರಳುಗಳ ನಡುವೆ 4 ಇಂಚಿನ ಚೆಂಡು ತೂರಬಾರದು, ಅದಕ್ಕಿಂತ ಜಾಸ್ತಿ ಬಿಟ್ಟರೆ ಮಗು ನುಸುಳುತ್ತದೆ, ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಮೆಟ್ಟಿಲುಗಳ ನಡುವಿನ ತೆರಪಿಗೂ ಅದೇ ಅಳತೆ. ಸರಳು ನೆಟ್ಟಗೆ ನಿಲ್ಲಲಿ, ಅಡ್ಡ ಹಾಕಿಸಿದರೆ ಮಕ್ಕಳು ಏಣಿ ಅಂತ ಹತ್ತುತ್ತವೆ. ಲೈಟಿನ ಸ್ವಿಚ್ ಕೆಳಗೂ ಇರಲಿ, ಮೇಲೂ ಇರಲಿ. ಟೂ-ವೇ ಅಂತ ಹೇಳಿದರೆ ಎಲೆಕ್ಟ್ರಿಷಿಯನ್‌ಗೆ ಗೊತ್ತು, ಆದರೆ ವೈರಿನ ಪೈಪ್ ಹಾಕುವ ಮೊದಲೇ ಹೇಳಬೇಕು.

ಇದು ಉಪದೇಶದ ಹಾಗೆ ಆಗುತ್ತಿದೆ, ಗೊತ್ತು. ಬೇಡ ಅಂತಲೇ ಶುರು ಮಾಡಿದ್ದೆ. ಉಳಿದದ್ದನ್ನೂ ಬೇಗ ಹೇಳಿಬಿಡುತ್ತೇನೆ. ಪ್ಲಾಸ್ಟರಿಂಗ್ ಮಾಡುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೋ, ಪೈಪಿನ ಪಕ್ಕ ಟೇಪ್ ಹಿಡಿದು. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಕೂರಿಸುವ ಮುಂಚೆ, ನೀರು ಕಟ್ಟಿ ಒಂದೆರಡು ದಿನ ಬಿಟ್ಟು ಕೆಳಗಿನಿಂದ ನೋಡು. ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರು ಹಾಕುವ, ವಿಷಯದಲ್ಲಿ ಯಾರ ಮಾತೂ ನಂಬಬೇಡ, ನೀನೇ ಹೋಗಿ ಕೈಯಿಟ್ಟು ನೋಡು. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ಸಿಮೆಂಟ್ ನೀರಿನ ಜೊತೆ ಸೇರಿ. 7 ದಿನ ಒದ್ದೆ ಇರಲೇಬೇಕು. ಹಾರುಬೂದಿ ಬೆರೆಸಿದ ಸಿಮೆಂಟಾದರೆ 10 ದಿನಕ್ಕೆ ಕಡಿಮೆ ಬೇಡ, ಬಿಸಿಲು ಜೋರಿದ್ದರೆ 14 ಮಾಡಿಸು. ಇಂಜಿನಿಯರ್ ಹೇಳದೆ ಕೆಳಗೆ ಆಸರೆಗೆ ಕೊಟ್ಟ ಕಂಬ ಬಿಚ್ಚಿಸಬೇಡ.

ಮತ್ತೆ ಮೆಟ್ಟಿಲಿಗೇ ಬರುತ್ತೇನೆ. ಸೆಂಟ್ರಿಂಗ್ ಹೊಡೆಯುವ ಮುಂಚೆ ಒಂದು ಕೆಲಸ ಮಾಡು. ಕೆಳಗೆ ಹಾಕುವ ಟೈಲ್ಸ್ ಎಷ್ಟು ದಪ್ಪ, ಅದರ ಕೆಳಗಿನ ಗಾರೆ ಎಷ್ಟು, ಮೆಟ್ಟಿಲ ಕಲ್ಲು ಎಷ್ಟು, ಇವತ್ತೇ ತೀರ್ಮಾನ ಮಾಡಿ ಇಂಜಿನಿಯರ್‌ಗೆ ಕೊಡು. ನೆಲ ಮುಗಿದ ಮೇಲೆ ಎಲ್ಲಿಗೆ ಬರುತ್ತದೋ ಆ ಮಟ್ಟವನ್ನು ಗೋಡೆಯ ಮೇಲೆ ನೂಲು ಹೊಡೆಸಿ ಗುರುತು ಹಾಕಿಸು, ಕೆಳಗೂ ಮೇಲೂ. ಆ ಗುರುತಿನಿಂದ ಆ ಗುರುತಿಗೆ ಮೆಟ್ಟಿಲು ಪಾಲು ಮಾಡಲಿ. ಮೇಸ್ತ್ರಿ "ಆಮೇಲೆ ಗಾರೆಯಲ್ಲಿ ಸರಿ ಮಾಡೋಣ ಮೇಡಂ" ಅಂದರೆ ಒಪ್ಪಿಕೊಳ್ಳಬೇಡ. ನೀನು ಒಪ್ಪುವವಳಲ್ಲ, ಕಂಟ್ರಾಕ್ಟರ್ ಹತ್ತಿರ ಕಬ್ಬಿಣದ ಲೆಕ್ಕ ಕೇಳಿ ನಿಲ್ಲಿಸಿದವಳು ನೀನು. ಆ ಧೈರ್ಯ ನನಗೆ ನಿನ್ನ ವಯಸ್ಸಿನಲ್ಲಿ ಇರಲಿಲ್ಲ.

ಹಾಲ್ ಚಿಕ್ಕದಾಗುವ ವಿಷಯಕ್ಕೆ ಅಪ್ಪ ಒಂದು ದಾರಿ ಹುಡುಕಿದ್ದಾರೆ. ನೇರ ಮೆಟ್ಟಿಲಾದರೆ 14 ಅಡಿ ದಾಟುತ್ತದೆ. ಅದನ್ನೇ 9 ಮತ್ತು 9 ಮಾಡಿ, ಮಧ್ಯೆ 3 ಅಡಿಯ ಲ್ಯಾಂಡಿಂಗ್, ಅಂದರೆ ಸಮತಟ್ಟು ಜಾಗ, ಕೊಟ್ಟು ತಿರುಗಿಸಿದರೆ ಉದ್ದ 10 ಅಡಿಯೊಳಗೆ ಮುಗಿಯುತ್ತದೆ. ಅಗಲ ಎರಡರಷ್ಟು ಬೇಕು, ಅದು ಹಿಂದಿನ ಸ್ಟೋರ್ ರೂಮಿನಿಂದ ಬರುತ್ತದೆ. ಯಾರಾದರೂ ಜಾರಿದರೂ ಅರ್ಧದಲ್ಲೇ ನಿಲ್ಲುತ್ತಾರೆ. ಗ್ರಾಫ್ ಶೀಟಿನಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದಾರೆ, ಗೆರೆ ಸ್ವಲ್ಪ ಅಲುಗಿದೆ, ಅಳತೆ ಸರಿ ಇದೆ. ಸ್ಟೋರ್ ರೂಮ್ ಚಿಕ್ಕದಾಗುತ್ತದೆ ಅಂತ ನೀನು ಹೇಳುತ್ತೀಯ. ಹೇಳು, ಬೈದರೂ ಪರವಾಗಿಲ್ಲ. ಆದರೆ ಸೆಂಟ್ರಿಂಗಿನವರು ಬರುವ ಮೊದಲು ಫೋನ್ ಮಾಡು. ನಾನು ಈ ಸಲ ಜೋರು ಮಾಡುವುದಿಲ್ಲ.

ನಿನ್ನ ಅಮ್ಮ