ಮೆಟ್ಟಿಲು ಹತ್ತಿ ಬಂದೆ, ಬ್ಲೌಸು ಎರಡು ದಿನ ತಡ

ಮೊನ್ನೆ ಬುಧವಾರ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತಿದೆ. ಸಾವಿರ ಮೆಟ್ಟಿಲು. ಮೈಸೂರಿನವರಿಗೆ ಇದು ಹೇಳಿಕೊಳ್ಳುವಂಥ ಸುದ್ದಿಯೇ ಅಲ್ಲ. ಎಪ್ಪತ್ತು ದಾಟಿದವರು ವಾರಕ್ಕೆರಡು ಸಲ ಹತ್ತಿಳಿದು, ಕೆಳಗೆ ಬಂದು ಇಡ್ಲಿ ತಿಂದು ಮನೆಗೆ ಹೋಗುತ್ತಾರೆ. ಆದರೆ ನಾಲ್ಕು ವರ್ಷದ ಹಿಂದೆ ನಾನು ನಮ್ಮನೆ ಮುಂದಿನ ಮೂರು ಮೆಟ್ಟಿಲನ್ನು ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದೆ. ಪಕ್ಕದ ಮನೆ ಮಗು ನನ್ನ ನಡಿಗೆಯನ್ನು ಅಣಕಿಸಿ ತೋರಿಸುತ್ತಿತ್ತು. ಚೆನ್ನಾಗಿಯೇ ಮಾಡುತ್ತಿತ್ತು.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಎದುರಿಗೆ ಹೇಳಿದರೆ "ಅಯ್ಯೋ ಬಿಡಮ್ಮ" ಅಂತ ಮಾತು ಮರೆಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಅವರವರಿಗೆ ಗೊತ್ತಾಗುತ್ತೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಟೈಲರ್. ಇಪ್ಪತ್ತನಾಲ್ಕು ವರ್ಷದಿಂದ ಬ್ಲೌಸು, ಚೂಡಿದಾರ, ಸೀರೆಗೆ ಫಾಲ್. ನೆಲದ ಮೇಲೆ ಬಟ್ಟೆ ಹರಡಿ ಬಗ್ಗಿ ಕತ್ತರಿಸೋದು, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂತು ಪೆಡಲ್ ತುಳಿಯೋದು. 2015ರಲ್ಲಿ ಒಂದು ದಿನ ಕೆಳಗೆ ಬಿದ್ದ ಚಾಕ್ ಎತ್ತಿಕೊಳ್ಳಲು ಬಗ್ಗಿದೆ. ಅಷ್ಟೇ. ಸೊಂಟ ಅಲ್ಲೇ ಹಿಡಿದುಕೊಂಡಿತು. ಆಮೇಲೆ ಮಂಡಿಯೂ ಸೇರಿಕೊಂಡಿತು. ಆರು ವರ್ಷ ನೋವಿನ ಮಾತ್ರೆ ನುಂಗಿದೆ. ಮದುವೆ ಸೀಸನ್ ಬಂದರೆ ದಿನಕ್ಕೆರಡು. ಅಂಗಡಿಯವನು ಚೀಟಿ ಕೇಳುತ್ತಿರಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಸೊಂಟಕ್ಕೆ ಬೆಲ್ಟು ಹಾಕಿದೆ. ಒಂದು ಆಸ್ಪತ್ರೆಯಲ್ಲಿ ಹತ್ತು ದಿನ ಟ್ರ್ಯಾಕ್ಷನ್ (ಭಾರ ಕಟ್ಟಿ ಸೊಂಟ ಎಳೆಯೋದು) ಹಾಕಿಸಿಕೊಂಡು ಮಲಗಿದೆ. ಅಲ್ಲಿ ಎಂಆರ್‌ಐ ನೋಡಿ, "ಡಿಸ್ಕ್ ಉಬ್ಬಿದೆ, ಸವೆದಿದೆ, ಇನ್ನು ಬಗ್ಗೋ ಹಾಗಿಲ್ಲ" ಅಂದರು. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ. ಬಗ್ಗದೆ ಟೈಲರ್ ಕೆಲಸ ಹೇಗೆ ಮಾಡೋದು ಅಂತ ಮಾತ್ರ ಯಾರೂ ಹೇಳಲಿಲ್ಲ.

ಮೊದಲ ಥ್ಯಾಂಕ್ಸ್ ನನ್ನನ್ನು ಬೈದ ಡಾಕ್ಟರಿಗೆ. ಎದೆಯುರಿ ಅಂತ ಹೋಗಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಜಾಸ್ತಿ ಬಂತು, ಅಂದರೆ ಕಿಡ್ನಿಗೆ ಕೆಲಸ ಕಷ್ಟವಾಗುತ್ತಿದೆ ಅನ್ನೋ ಸೂಚನೆ. ಈ ಜಾತಿಯ ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕೆರೆಯುತ್ತವೆ, ಕಿಡ್ನಿಗೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತವೆ ಅಂತ ಅವರೇ ಬಿಡಿಸಿ ಹೇಳಿದರು. "ನೋವು ಇರೋದು ಬೆನ್ನಲ್ಲಿ, ನೀವು ಕಿಡ್ನಿ ಯಾಕೆ ಕೊಡ್ತಿದ್ದೀರಾ?" ಅಂದರು. ಮಾತ್ರೆ ಬರೆದುಕೊಟ್ಟು ಕಳಿಸಿದ್ದರೆ ಅವರಿಗೆ ಎರಡು ನಿಮಿಷದ ಕೆಲಸ. ಇಪ್ಪತ್ತು ನಿಮಿಷ ಕೂತು ಮಾತಾಡಿದರು. ಹೊರಗೆ ಕಾಯುತ್ತಿದ್ದವರು ನನ್ನನ್ನು ಶಪಿಸಿರಬೇಕು. ಅವರಿಗೂ ಸಾರಿ.

ಅವರು ಕಳಿಸಿದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ. ಚಿಕ್ಕ ಹುಡುಗಿ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳು ಇರಬಹುದು. ಇವಳೇನು ಮಾಡುತ್ತಾಳೆ ಅಂದುಕೊಂಡೇ ಹೋದೆ. ಅವಳು ಬೆನ್ನು ಮುಟ್ಟುವ ಮುಂಚೆ ಪ್ರಶ್ನೆ ಶುರು ಮಾಡಿದಳು. ಮೂತ್ರ ಹಿಡಿದುಕೊಳ್ಳೋಕೆ ಕಷ್ಟ ಆಗುತ್ತಾ? ಕೂರುವ ಜಾಗದಲ್ಲಿ ಮರಗಟ್ಟಿದ ಹಾಗೆ ಇದೆಯಾ? ಕಾಲಲ್ಲಿ ಶಕ್ತಿ ಇಳಿಯುತ್ತಿದೆಯಾ? ಜ್ವರ, ಸುಮ್ಮಸುಮ್ಮನೆ ತೂಕ ಇಳಿಯೋದು? ಇದರಲ್ಲಿ ಯಾವುದಿದ್ದರೂ ವ್ಯಾಯಾಮ ಅಲ್ಲ, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು ಅಂದಳು. ನನಗೆ ಯಾವುದೂ ಇರಲಿಲ್ಲ. ನನ್ನ ಕಥೆ ಓದಿ ಯಾರಾದರೂ ಸುಮ್ನೆ ಬೆಟ್ಟ ಹತ್ತಲು ಹೊರಟರೆ, ಮೊದಲು ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಆಮೇಲೆ ಎಂಆರ್‌ಐ ತೆಗೆದು ಮುಂದಿಟ್ಟೆ, ಅಪರಾಧಿ ಸಿಕ್ಕಿಬಿದ್ದ ಹಾಗೆ. ಅವಳು ನಕ್ಕಳು. 2015ರಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಹೇಳಿದಳು. ಬೆನ್ನು ನೋವೇ ಇಲ್ಲದ ಮೂರು ಸಾವಿರಕ್ಕೂ ಜಾಸ್ತಿ ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ್ದಾರಂತೆ. ನಲವತ್ತು ವರ್ಷದವರಲ್ಲಿ ಅರ್ಧ ಜನಕ್ಕೆ ಡಿಸ್ಕ್ ಉಬ್ಬಿತ್ತು. ಎಂಬತ್ತರವರಲ್ಲಿ 84 ಪರ್ಸೆಂಟ್. ಯಾರಿಗೂ ನೋವಿಲ್ಲ! "ತಲೆಗೂದಲು ನೆರೆಯುತ್ತಲ್ಲ ಆಂಟಿ, ಹಾಗೇ ಇದೂ. ಒಳಗಡೆ ಇರೋದ್ರಿಂದ ಡೈ ಹಾಕೋಕಾಗಲ್ಲ ಅಷ್ಟೇ" ಅಂದಳು. ಆರು ವರ್ಷ ನನ್ನ ಬೆನ್ನು ಗಾಜಿನ ಲೋಟ ಅಂತ ನಂಬಿದ್ದವಳು ನಾನು. ಆ ದಿನ ಅವಳ ಮುಂದೆ ಅತ್ತುಬಿಟ್ಟೆ. ಸಿಟ್ಟಿಗೋ ಸಮಾಧಾನಕ್ಕೋ ಗೊತ್ತಿಲ್ಲ.

"ಹಾಗಾದ್ರೆ ನೋವು ಸುಳ್ಳಾ?" ಅಂತ ಜಗಳವನ್ನೂ ಆಡಿದೆ. ಸುಳ್ಳಲ್ಲ ಅಂದಳು. ಒಂದ್ಸಲ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತೆ. ಬೊಗಳೋದು ನಿಜ, ಕಳ್ಳ ಬಂದಿದ್ದಾನೆ ಅನ್ನೋದು ನಿಜ ಅಲ್ಲ. ನರಗಳೂ ಹಾಗೇ, ತಿಂಗಳುಗಟ್ಟಲೆ ಎಚ್ಚರಿಕೆಯಲ್ಲಿದ್ದು ಸಣ್ಣದಕ್ಕೂ ಕೂಗಲು ಕಲಿತುಬಿಡುತ್ತವೆ. ನಾಯಿಗೆ ಹಾಲಿನವನನ್ನು ದಿನಾ ಸ್ವಲ್ಪ ಸ್ವಲ್ಪ ತೋರಿಸಬೇಕು. ಹೊಡೆದರೆ ಇನ್ನೂ ಬೊಗಳುತ್ತೆ.

ಅವಳು ನನ್ನ ಕೆಲಸದ ಬಗ್ಗೆ ಕೇಳಿದ್ದೂ ನೆನಪಿದೆ. "ಬಾಬಿನ್ ಎಷ್ಟು ಹೊತ್ತಿಗೊಂದ್ಸಲ ಖಾಲಿಯಾಗುತ್ತೆ?" ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಂದೆ. "ಖಾಲಿಯಾದಾಗಲೆಲ್ಲ ಎದ್ದೇಳಿ. ಸೊಂಟದ ಮೇಲೆ ಕೈ ಇಟ್ಟು ಹಿಂದಕ್ಕೆ ಹತ್ತು ಸಲ ಬಾಗಿ. ಆಮೇಲೆ ದಾರ ಸುತ್ತಿ." ಅಷ್ಟೇ ಔಷಧಿ. ಈಗ ದಾರ ಮುಗಿದು ಸೂಜಿ ಖಾಲಿ ಓಡಿದರೆ ನನ್ನ ಕಾಲು ತಾನಾಗಿ ಏಳುತ್ತೆ. ಮಂಡಿಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಕೊಟ್ಟಳು. ಮೊದಲ ದಿನ ನಾಲ್ಕಕ್ಕೇ ಸಾಕಾಯ್ತು. ಈಗ ಹದಿನೈದರಂತೆ ಮೂರು ಸಲ. ತೊಡೆಯ ಮುಂದಿನ ಮಾಂಸಖಂಡ ಗಟ್ಟಿಯಾದಷ್ಟೂ ಮಂಡಿಯ ಕೆಲಸವನ್ನು ಅದು ಹಂಚಿಕೊಳ್ಳುತ್ತೆ. ತೂಕವೂ ಆರು ಕಿಲೋ ಇಳಿಯಿತು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಂತೆ. ಈ ಲೆಕ್ಕ ಕೇಳಿದ ಮೇಲೆ ಸಂಜೆಯ ಬೋಂಡಾ ಬಿಡೋದು ಸ್ವಲ್ಪ ಸುಲಭವಾಯ್ತು. ಸ್ವಲ್ಪ, ಅಷ್ಟೇ.

ನಮ್ಮ ಬಡಗಿಯಣ್ಣ ಕಟಿಂಗ್ ಟೇಬಲನ್ನು ನನ್ನ ಸೊಂಟದೆತ್ತರಕ್ಕೆ ಮಾಡಿಕೊಟ್ಟರು. ಹಳೇ ಬಾಗಿಲಿನ ಹಲಗೆಯಲ್ಲಿ. ದುಡ್ಡು ಇವತ್ತಿಗೂ ಪೂರ್ತಿ ತಗೊಂಡಿಲ್ಲ.

ಅಳತೆ ಪುಸ್ತಕದ ಕಥೆ ಹೇಳಲೇಬೇಕು. ನೋವು ಹತ್ತಕ್ಕೆ ಎಷ್ಟು ಅಂತ ದಿನಾ ಬರೆಯಲು ಫಿಸಿಯೋ ಹುಡುಗಿ ಹೇಳಿದ್ದಳು. ಬೇರೆ ಪುಸ್ತಕ ಎಲ್ಲಿ ಹುಡುಕಲಿ, ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲೇ ಬರೆದೆ. ಮುಂದೆ ಎದೆ 36, ತೋಳು 11. ಹಿಂದೆ ಸೋಮವಾರ 7, ಮಂಗಳವಾರ 5. ಮೂರು ತಿಂಗಳಾದ ಮೇಲೆ ಮಗಳು ಅದನ್ನೆಲ್ಲ ಕೂತು ನೋಡಿದಳು. ಜಾಸ್ತಿ ಹೊಲಿದ ದಿನಕ್ಕೂ ಜಾಸ್ತಿ ನೋವಿನ ದಿನಕ್ಕೂ ಹೊಂದಾಣಿಕೆಯೇ ಇರಲಿಲ್ಲ. ನಿದ್ದೆ ಕೆಟ್ಟ ರಾತ್ರಿಯ ಮರುದಿನ ನೋವು 7, 8. ಅವಳ ಕಾಲೇಜು ಫೀಸು ಕಟ್ಟಬೇಕಿದ್ದ ವಾರ ಪೂರ್ತಿ 8. ಕಟ್ಟಿದ ಮಾರನೇ ದಿನ 4! ಅವಳು ಏನೂ ಮಾತಾಡಲಿಲ್ಲ. ಆದರೆ ಅವತ್ತಿನಿಂದ ರಾತ್ರಿ ಹತ್ತಕ್ಕೆ ಮೆಷಿನ್ ಮೇಲೆ ತಾನೇ ಬಟ್ಟೆ ಹೊದಿಸಿಬಿಡುತ್ತಾಳೆ. ಬೈದರೂ ಕೇಳಲ್ಲ. ಥ್ಯಾಂಕ್ಸ್ ಕಣೇ.

ಅತ್ತೆಗೆ ಥ್ಯಾಂಕ್ಸ್ ಹೇಳಿದರೆ ಹುಷಾರಿಲ್ವಾ ಅಂತ ಕೇಳುತ್ತಾರೆ. ಕಲ್ಲುಪ್ಪನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿ ಸೊಂಟಕ್ಕೆ ಶಾಖ ಕೊಟ್ಟವರು ಅವರು. ಶಾಖದಿಂದ ಬಿಗಿದ ಮಾಂಸಖಂಡ ಸಡಿಲವಾಗುತ್ತೆ, ರೋಗ ಹೋಗಲ್ಲ. ಅದು ಅವರಿಗೂ ಗೊತ್ತು. "ಹೋಗದಿದ್ರೆ ಬೇಡ, ನಿದ್ದೆ ಬರುತ್ತಲ್ಲ" ಅಂತಿದ್ದರು. ಬರುತ್ತಿತ್ತು. ಆದರೆ "ಮಲ್ಕೋ, ಏಳ್ಬೇಡ" ಅನ್ನುವುದನ್ನು ಅವರಿಂದ ಬಿಡಿಸಲು ಒಂದು ವರ್ಷ ಬೇಕಾಯ್ತು. ಮಲಗಿದಷ್ಟೂ ಬೆನ್ನು ಬಿಗಿಯುತ್ತೆ ಅಂತ ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವರನ್ನೂ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಲು ಕರೆದುಕೊಂಡು ಹೋದೆ. ಈಗ ನನಗಿಂತ ಮುಂದೆ ಹೋಗುತ್ತಾರೆ.

ಆ ಕೆರೆ ಏರಿಯ ಗೆಳತಿಯರೇ, ನಾನು ಮೊದಲ ವಾರ ಎರಡು ಬೆಂಚು ದಾಟಿ ಕೂತಾಗ ನೀವೂ ಕೂತಿರಿ. ನಿಮ್ಮ ಸ್ಪೀಡಿಗೆ ಅದು ಎಷ್ಟು ಬೇಜಾರಾಗಿರಬೇಕು ಅಂತ ಈಗ ಗೊತ್ತಾಗುತ್ತೆ. "ನಿನ್ನೆ ಎರಡು ಬೆಂಚು, ಇವತ್ತು ಎರಡೂವರೆ" ಅಂತ ಲೆಕ್ಕ ಇಟ್ಟವರು ನೀವು. ಅರ್ಧ ಬೆಂಚು ಅಂದರೆ ಎಲ್ಲಿ ಅಂತ ನಾನು ಕೇಳಲೇ ಇಲ್ಲ. ನಿಮ್ಮಲ್ಲಿ ಒಬ್ಬರು ಯೋಗಕ್ಕೆ ಎಳೆದುಕೊಂಡು ಹೋದಿರಿ. ಬಗ್ಗಿ ಕಾಲು ಮುಟ್ಟಲು ಆಗದೆ ನಾಚಿಕೆಯಾಗಿ ಓಡಿಬರುವವಳಿದ್ದೆ. ಯೋಗದ ಮೇಷ್ಟ್ರು ಒಂದು ಕುರ್ಚಿ, ಒಂದು ಮರದ ಇಟ್ಟಿಗೆ, ಒಂದು ಗೋಡೆ ತೋರಿಸಿದರು. ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಇದೇ ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತವರಂತೆ. ಚಿಕ್ಕಂದಿನಲ್ಲಿ ತುಂಬಾ ಕಾಯಿಲೆಯ ಮೈ. ಕುರ್ಚಿ, ಹಗ್ಗ, ಇಟ್ಟಿಗೆ ಹಿಡಿದು ಆಸನ ಮಾಡುವುದನ್ನು ಊರೂರಿಗೆ ಮುಟ್ಟಿಸಿದವರು ಅವರೇ ಅಂತ ಮೇಷ್ಟ್ರು ಹೇಳಿದರು. ಅದಾದ ಮೇಲೆ ಕುರ್ಚಿ ಹಿಡಿದುಕೊಳ್ಳಲು ನನಗೆ ನಾಚಿಕೆ ಆಗಲಿಲ್ಲ.

ಎಲ್ಲ ನೆಟ್ಟಗೆ ಮೇಲಕ್ಕೇ ಹೋಯ್ತು ಅಂದುಕೊಳ್ಳಬೇಡಿ. ಹೋದ ಫೆಬ್ರವರಿಯಲ್ಲಿ, ಒಂದೇ ವಾರ ಮೂರು ಮದುವೆಯ ಬಟ್ಟೆ ಇದ್ದಾಗ, ಮತ್ತೆ ಹಿಡಿದುಕೊಂಡಿತು. ಎಲ್ಲಾ ಹಾಳಾಯ್ತು ಅಂತ ಮಾತ್ರೆ ಡಬ್ಬಿ ಹುಡುಕಿದೆ. ಫಿಸಿಯೋ ಹುಡುಗಿ ಫೋನಿನಲ್ಲಿ, "ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ. ಎರಡು ಬೆಂಚು ನೆನಪಿದೆಯಲ್ಲ, ಅಲ್ಲಿಂದ" ಅಂದಳು. ಎರಡು ವಾರಕ್ಕೆ ಸರಿಹೋಯ್ತು. ಆ ಮೂರು ಮದುವೆ ಮನೆಯವರಿಗೆ ದೊಡ್ಡ ಥ್ಯಾಂಕ್ಸ್. ಅದರಲ್ಲಿ ಒಬ್ಬ ಮದುಮಗಳು ಕೈಹೊಲಿಗೆ ತಾನೇ ಹಾಕಿಕೊಳ್ಳುತ್ತೇನೆ ಅಂತ ಬಂದು ನನ್ನ ಪಕ್ಕ ಕೂತಳು. ಹೊಲಿಗೆ ಸೊಟ್ಟಗಿತ್ತು. ರಾತ್ರಿ ಬಿಚ್ಚಿ ಮತ್ತೆ ಹಾಕಿದೆ, ಅವಳಿಗೆ ಹೇಳಿಲ್ಲ. ಈಗ ಗೊತ್ತಾಯ್ತು.

ಆಮೇಲೊಮ್ಮೆ ಮಗಳು ಓದಿ ಹೇಳಿದಳು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೇ ಸೊಂಟನೋವಿಗೆ ಏನು ಮಾಡಬೇಕು, ಏನು ಬೇಡ ಅಂತ ಸಲಹೆ ಹೊರಡಿಸಿತಂತೆ. ಮಾಡಬೇಕಾದದ್ದರಲ್ಲಿ ವ್ಯಾಯಾಮ, ನೋವಿನ ಬಗ್ಗೆ ತಿಳಿಸಿಕೊಡೋದು. ಬೇಡದ ಪಟ್ಟಿಯಲ್ಲಿ ಬೆಲ್ಟು, ಟ್ರ್ಯಾಕ್ಷನ್. ನಾನು ದುಡ್ಡು ಸುರಿದ ಬೆಲ್ಟೂ ಟ್ರ್ಯಾಕ್ಷನ್ನೂ ಆ ಎರಡನೇ ಪಟ್ಟಿಯಲ್ಲೇ ಇದ್ದವು. ಬೆಲ್ಟು ಈಗ ಬಟ್ಟೆ ಗಂಟು ಕಟ್ಟಲು ಉಪಯೋಗಕ್ಕೆ ಬರುತ್ತಿದೆ. ಮಾತ್ರೆ ತಗೊಳ್ಳುವವರನ್ನು ಆಡಿಕೊಳ್ಳುತ್ತಿಲ್ಲ, ಕೆಲವು ಕಾಯಿಲೆಗೆ ಮಾತ್ರೆ ಬೇಕೇ ಬೇಕು. ಸಂಧಿವಾತಕ್ಕೆ ಡಾಕ್ಟರ್ ಕೊಟ್ಟಿದ್ದನ್ನು ನನ್ನ ಮಾತು ಕೇಳಿ ಬಿಟ್ಟೀರಿ, ಹುಷಾರ್.

ಇನ್ನು ಬೆಟ್ಟ. ನೋವು ಶುರುವಾದ ವರ್ಷ ಹರಕೆ ಹೊತ್ತಿದ್ದೆ. ಆಷಾಢದಲ್ಲಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತೇನೆ ಅಂತ. ಬೆನ್ನು ನೋವಿನವಳು ಸಾವಿರ ಸಲ ಬಗ್ಗುವ ಹರಕೆ ಹೊರುವುದಾ? ನೋವಲ್ಲಿ ತಲೆ ಓಡಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಕೆಲಸ ಕಮ್ಮಿ. ಶುಕ್ರವಾರ ಜನಜಂಗುಳಿ ಅಂತ ಬುಧವಾರ ಬೆಳಗ್ಗೆ ಐದೂವರೆಗೆ ಹೊರಟೆವು. ನಾನು, ಮಗಳು, ಕೆರೆ ಏರಿಯ ಮೂವರು. ನಮ್ಮೆಜಮಾನರು ನೀರು, ಬಾಳೆಹಣ್ಣು, ಮಡಚುವ ಸ್ಟೂಲು ಹೊತ್ತುಕೊಂಡು ಹಿಂದೆ. ಸ್ಟೂಲು ಬೇಡ ಅಂದರೂ ಕೇಳಲಿಲ್ಲ.

ಶುರುವಿನ ಮೆಟ್ಟಿಲುಗಳೇ ಕಡಿದು. ಐವತ್ತಕ್ಕೊಂದು ಸಲ ನಿಲ್ಲೋದು, ಹಿಂದಕ್ಕೆ ಬಾಗೋದು. ಕುಂಕುಮ ಮೊದಲ ನೂರು ಮೆಟ್ಟಿಲಿಗೆ ನಾನೇ ಹಚ್ಚಿದೆ. ಬಗ್ಗಿದೆ, ಎದ್ದೆ, ಬಗ್ಗಿದೆ, ಎದ್ದೆ. ಬೆನ್ನು ಬೊಗಳಿತು, ಆದರೆ ಹಾಲಿನವನಿಗೆ ಬೊಗಳುವಷ್ಟೇ. ನೂರರ ಮೇಲೆ ಮಗಳು ತಟ್ಟೆ ಕಿತ್ತುಕೊಂಡಳು. ಮಿಕ್ಕದ್ದನ್ನು ಅವಳೂ ಗೆಳತಿಯರೂ ಸರದಿಯಲ್ಲಿ ಹಚ್ಚಿದರು. ತಾಯಿ ಲೆಕ್ಕ ಹಿಡಿಯಲ್ಲ ಅಂತ ಅತ್ತೆ ಮೊದಲೇ ಹೇಳಿ ಕಳಿಸಿದ್ದರು. ದೊಡ್ಡ ನಂದಿಯ ಹತ್ತಿರ ಬಂದಾಗ ಬಿಸಿಲು ಏರಿತ್ತು. ಆ ನಂದಿಯನ್ನೂ ಈ ಮೆಟ್ಟಿಲುಗಳನ್ನೂ ಮಾಡಿಸಿದವರು ದೊಡ್ಡ ದೇವರಾಜ ಒಡೆಯರು, 1660ರ ದಶಕದ ಕೆಲಸ. ಆಗಿನಿಂದ ಅಲುಗದೆ ಕೂತಿದೆ. ಅದಕ್ಕೆ ಬಾಬಿನ್ ಇಲ್ಲ ನೋಡಿ. ಅಲ್ಲಿ ನಮ್ಮೆಜಮಾನರು ಸ್ಟೂಲು ಬಿಡಿಸಿ ತಾವೇ ಕೂತರು. ಏದುಸಿರು ಅವರದು, ನನ್ನದಲ್ಲ.

ಇಳಿಯುವಾಗ ಮಂಡಿಗೆ ಭಾರ ಜಾಸ್ತಿ. ಅದಕ್ಕೇ ದರ್ಶನ ಮುಗಿಸಿ ಸಿಟಿ ಬಸ್ಸಿನಲ್ಲಿ ಇಳಿದೆವು. ಅವತ್ತು ರಾತ್ರಿ ಅಳತೆ ಪುಸ್ತಕದಲ್ಲಿ 5 ಬರೆದೆ. ಮರುದಿನ 6. ಇವತ್ತು 3. ಸೊನ್ನೆ ಈ ನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ.

ಎರಡು ದಿನ ಅಂಗಡಿ ಮುಚ್ಚಿದ್ದಕ್ಕೆ ಯಾರೂ ಬೈಯಲಿಲ್ಲ, ಅದಕ್ಕೂ ಥ್ಯಾಂಕ್ಸ್. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸು ಕೊಟ್ಟವರು ಗುರುವಾರ ಸಂಜೆ ಬನ್ನಿ, ರೆಡಿ ಇರುತ್ತೆ. ಲೈನಿಂಗ್ ಬಟ್ಟೆ ಕೊಡದೆ ಹೋದ ಇಬ್ಬರು ಇದ್ದೀರಿ. ದಯವಿಟ್ಟು ನಾಳೆಯೊಳಗೆ ತಂದುಕೊಡಿ.