ಬಾಳಿದ್ದು ಹಳ್ಳಿಯಲ್ಲಿ, ಲೆಕ್ಕ ಬೆಂಗಳೂರಿಗೆ

ಮಾನ್ಯ ಸಂಪಾದಕರೇ,

ನಮ್ಮ ದೊಡ್ಡಪ್ಪ ಬಾಳಿದ್ದೆಲ್ಲ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಕೊನೆಯ ನಾಲ್ಕು ದಿನ ಮಾತ್ರ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದರು. ಮರಣ ನೋಂದಣಿ ಆಗಿದ್ದೂ ಅಲ್ಲೇ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಅದು ಸರಿಯೇ. ಸಾವು ಎಲ್ಲಿ ಆಯಿತೋ ಅಲ್ಲೇ 21 ದಿನದೊಳಗೆ ಬರೆಸಬೇಕು.

ನನ್ನ ತಕರಾರು ಲೆಕ್ಕದ್ದು. ಹೀಗೆ ಹೊರಗಿನಿಂದ ಬಂದು ತೀರಿಕೊಂಡವರನ್ನೆಲ್ಲ ಸೇರಿಸಿ ನಗರದ ಜನಸಂಖ್ಯೆಯಿಂದ ಭಾಗಿಸಿದರೆ ಬೆಂಗಳೂರಲ್ಲಿ ಸಾವು ಜಾಸ್ತಿ ಅನ್ನಿಸುತ್ತದೆ. ದೊಡ್ಡಾಸ್ಪತ್ರೆಯೇ ಇಲ್ಲದ ತಾಲ್ಲೂಕು ಸುಮ್ನೆ ಗಟ್ಟಿಮುಟ್ಟಾಗಿ ಕಾಣುತ್ತದೆ. ವಿಚಿತ್ರ ಅಲ್ವಾ?

ಮರಣ ವರದಿಯ ಫಾರಂನಲ್ಲಿ ವಾಸದ ಊರನ್ನೂ ಕೇಳುತ್ತಾರೆ. ಹಳ್ಳಿ, ತಾಲ್ಲೂಕು, ಜಿಲ್ಲೆ ಎಲ್ಲ ನಾನೇ ಬರೆದುಕೊಟ್ಟಿದ್ದೆ. ಜಿಲ್ಲಾವಾರು ಸಾವಿನ ಸಂಖ್ಯೆ ಹೇಳುವಾಗಲೆಲ್ಲ ಪಕ್ಕದಲ್ಲೇ ವಾಸದ ಊರಿನ ಪ್ರಕಾರದ ಲೆಕ್ಕವನ್ನೂ ಹಾಕಲಿ.

– ಓದುಗ, ಅರಸೀಕೆರೆ