ಎಡಗಾಲಿನ ಬ್ರೇಕ್ ರಸ್ತೆಯಲ್ಲಿ ಕಲಿಯುವ ವಿದ್ಯೆಯಲ್ಲ

ಮಾನ್ಯರೇ,

ಆಟೊಮ್ಯಾಟಿಕ್ ಕಾರು ಕೊಂಡ ಕೆಲವು ಹುಡುಗರು ರೇಸಿನ ವಿಡಿಯೊ ನೋಡಿಕೊಂಡು ಹೊರವರ್ತುಲ ರಸ್ತೆಯಲ್ಲೂ ನಂದಿ ಬೆಟ್ಟದ ತಿರುವುಗಳಲ್ಲೂ ಎಡಗಾಲಲ್ಲಿ ಬ್ರೇಕ್ ಹಾಕುವ ಪ್ರಯೋಗಕ್ಕೆ ಇಳಿದಿದ್ದಾರೆ. ಇದು ನಿಲ್ಲಬೇಕು. ವಿದ್ಯೆ ಒಳ್ಳೆಯದೇ, ಕಲಿಯುವ ಜಾಗ ತಪ್ಪು.

ಬಲಗಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕಿಗೆ ಬರಲು 0.2 ಸೆಕೆಂಡ್ ಹಿಡಿಯಿತೆಂದರೂ, 100 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಎಡಗಾಲು ಆ ಸಮಯವನ್ನು ಉಳಿಸುತ್ತದೆ. ಅದಕ್ಕಿಂತ ದೊಡ್ಡ ಲಾಭ ತಿರುವಿನಲ್ಲಿದೆ. ಮುಂದಿನ ಚಕ್ರಗಳಿಂದ ಓಡುವ ಕಾರಿನ ಮೂತಿ ವೇಗದ ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ. ಆಕ್ಸಿಲರೇಟರ್ ಬಿಡದೆ ಎಡಗಾಲಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿದರೆ ಭಾರ ಮುಂದಕ್ಕೆ ಬಂದು ಮುಂದಿನ ಟೈರು ಕಚ್ಚಿಕೊಳ್ಳುತ್ತದೆ, ಹಿಂಭಾಗ ಹಗುರಾಗಿ ಕಾರು ಒಳಕ್ಕೆ ತಿರುಗುತ್ತದೆ. 1960ರ ದಶಕದಲ್ಲಿ ಸಾಬ್, ಮಿನಿ ಕಾರುಗಳನ್ನು ಓಡಿಸುತ್ತಿದ್ದ ಉತ್ತರ ಯುರೋಪಿನ ರ‍್ಯಾಲಿ ಚಾಲಕರು ಪಳಗಿಸಿಕೊಂಡದ್ದು ಇದನ್ನೇ.

ಆದರೆ ಕ್ಲಚ್ ತುಳಿದೇ ಬೆಳೆದ ಎಡಗಾಲಿಗೆ ಗೊತ್ತಿರುವುದು ತಳದವರೆಗೆ ಒತ್ತುವುದೊಂದೇ. ಕ್ಲಚ್ಚಿನಲ್ಲಿ ಪೆಡಲ್ ಎಷ್ಟು ದೂರ ಇಳಿಯಿತು ಎಂಬ ಲೆಕ್ಕ, ಬ್ರೇಕಿನಲ್ಲಿ ಎಷ್ಟು ಒತ್ತಿದೆವು ಎಂಬ ಲೆಕ್ಕ. ಮೊದಲ ಸಲ ಒತ್ತಿದಾಗ ಕಾರು ಗಕ್ಕನೆ ನಿಲ್ಲುತ್ತದೆ, ಹಿಂದಿನ ಸ್ಕೂಟರ್ ಸವಾರ ಬಂದು ಗುದ್ದುತ್ತಾನೆ.

ಇನ್ನೊಂದನ್ನು ವಿಡಿಯೊಗಳು ಹೇಳುವುದೇ ಇಲ್ಲ. ಅನೇಕ ಪೆಟ್ರೋಲ್ ಕಾರುಗಳಲ್ಲಿ ಬ್ರೇಕ್ ಬೂಸ್ಟರ್, ಅಂದರೆ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಸಾಧನ, ಕೆಲಸ ಮಾಡುವುದು ಎಂಜಿನ್ನಿನ ನಿರ್ವಾತದಿಂದ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಆ ನಿರ್ವಾತ ಇರುವುದಿಲ್ಲ. ಬೂಸ್ಟರಿನಲ್ಲಿ ಉಳಿದದ್ದು ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರೇ ಎಂಜಿನ್ನಿನ ಶಕ್ತಿ ಕಡಿತ ಮಾಡುತ್ತದೆ. ಅಂಥ ಕಾರಿನಲ್ಲಿ ಈ ತಂತ್ರ ನಡೆಯುವುದೇ ಇಲ್ಲ.

ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಓಡಿಸುವವರಿಗೆ ಘಾಟಿಯ ಇಳಿಜಾರು ಇನ್ನೂ ಅಪಾಯ. ಬ್ರೇಕ್ ಪ್ಯಾಡ್ ಸದಾ ಉಜ್ಜುತ್ತಾ ಬಿಸಿಯಾಗುತ್ತದೆ, ಆ ಬಿಸಿ ಬ್ರೇಕ್ ಆಯಿಲಿಗೂ ತಾಗುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದು. ಆದರೆ ತೇವ ಹೀರಿ ಹಳತಾದಾಗ ಆ ಮಿತಿ 155ರ ಆಸುಪಾಸಿಗೆ ಇಳಿಯುತ್ತದೆ. ಕುದಿದರೆ ಗುಳ್ಳೆ ಎದ್ದು ಪೆಡಲ್ ತಳ ಸೇರುತ್ತದೆ, ಕಾರು ನಿಲ್ಲುವುದಿಲ್ಲ. ಬ್ರೇಕ್ ಲೈಟ್ ಸದಾ ಉರಿಯುತ್ತಿದ್ದರೆ ಹಿಂದಿನವನಿಗೆ ನಿಜವಾದ ಬ್ರೇಕ್ ಯಾವುದೆಂದೂ ತಿಳಿಯದು.

ಕಲಿಯಲೇಬೇಕೆಂದರೆ ಮೊದಲು ಗೋ-ಕಾರ್ಟ್, ಅಂದರೆ ಟ್ರ್ಯಾಕಿನಲ್ಲಿ ಓಡಿಸುವ ಪುಟ್ಟ ರೇಸ್ ಗಾಡಿ. ಅದರಲ್ಲಿ ಬ್ರೇಕ್ ಇರುವುದೇ ಎಡಗಾಲಿಗೆ, ಬೂಸ್ಟರ್ ಇಲ್ಲದ ಕಾರಣ ಒತ್ತಡ ನೇರ ಪಾದಕ್ಕೆ ತಿಳಿಯುತ್ತದೆ. ಬಾಡಿಗೆ ಕಾರ್ಟುಗಳ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಆಕ್ಸಲ್‌ಗೆ ಮಾತ್ರ, ಜಾಸ್ತಿ ಒತ್ತಿದರೆ ಗಿರಕಿ ಹೊಡೆಯುತ್ತದೆ. ಅಲ್ಲಿ ಎರಡೂ ಪೆಡಲ್ ಒಟ್ಟಿಗೆ ತುಳಿಯಬೇಡಿ, ಪೆಡಲ್ ಇಲ್ಲದೆ ತಾನೇ ಹಿಡಿಯುವ ಅದರ ಕ್ಲಚ್ ಸುಡುತ್ತದೆ. ಆಮೇಲೆ ಅನುಮತಿ ಪಡೆದ ಖಾಲಿ ಖಾಸಗಿ ಮೈದಾನದಲ್ಲಿ ಕಾರು: ಸೀಟ್‌ಬೆಲ್ಟ್ ಬಿಗಿಯಾಗಿರಲಿ, ಎಡ ಹಿಮ್ಮಡಿ ನೆಲಕ್ಕೂರಿರಲಿ, ನೇರ ದಾರಿಯಲ್ಲಿ 30 ಕಿ.ಮೀ. ವೇಗದಿಂದ ಗುರುತಿಟ್ಟ ಜಾಗದಲ್ಲಿ ತಲೆ ಅಲುಗದಂತೆ ನಿಲ್ಲಿಸುವುದು. ಇದು ಕೈವಶವಾಗುವವರೆಗೆ ತಿರುವಿನ ಮಾತು ಬೇಡ. ಗೇರ್ ಇಳಿಸುವ ಜಾಗದಲ್ಲಿ ಮ್ಯಾನ್ಯುಯಲ್ ಕಾರಿನ ಎಡಗಾಲು ಕ್ಲಚ್ಚಿಗೇ ಬೇಕು, ಅಲ್ಲಿ ಬಲಗಾಲೇ ಗತಿ.

ಕಾರ್ಟಿಂಗ್ ನಡೆಸುವವರು ಲ್ಯಾಪ್‌ಗೆ ಬಿಡುವ ಮುನ್ನ ಹತ್ತು ನಿಮಿಷ ಬ್ರೇಕ್ ಅಭ್ಯಾಸಕ್ಕೆ ಕೊಡಲಿ. ಡ್ರೈವಿಂಗ್ ಸ್ಕೂಲಿನವರು ಆಟೊಮ್ಯಾಟಿಕ್ ಕಲಿಯುವವರಿಗೆ ಮೊದಲ ದಿನವೇ ಹೇಳಲಿ: ಎರಡೂ ಪೆಡಲಿಗೆ ಬಲಗಾಲೇ, ಎಡಗಾಲು ಡೆಡ್ ಪೆಡಲ್ (ಪಕ್ಕದಲ್ಲಿ ಕಾಲಿಡಲು ಇರುವ ಅಲುಗದ ಪಟ್ಟಿ) ಮೇಲೆ.

– ಚಾಲನಾ ತರಬೇತುದಾರ, ಬೆಂಗಳೂರು